ಬಾಗಿಲ ಹಿಂದಿನ ಹಾಳೆ

ಕಕ್ಕಸಿನ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿರುತ್ತಾರೆ. ದೊಡ್ಡ ಕಟ್ಟಡಗಳಲ್ಲಿ ನೀವೂ ನೋಡಿರುತ್ತೀರಿ. ಮೇಲೆ ತಾರೀಖು, ಎಡಕ್ಕೆ ಗಂಟೆ, ಬಲಕ್ಕೆ ಸಹಿ. ನೆಲ ಒರೆಸಿದವರು, ಕಮೋಡು ಉಜ್ಜಿದವರು, ಬೇಸಿನ್ನು ತೊಳೆದವರು ಅದರಲ್ಲಿ ಸಹಿ ಹಾಕಬೇಕು. ಬಂದು ಕೂತು ಎದ್ದು ಹೋಗುವವರು ಯಾರೂ ಅದನ್ನು ಓದುವುದಿಲ್ಲ. ಓದುವಂಥದ್ದು ಅದರಲ್ಲಿ ಏನಿರುತ್ತದೆ.

ಆ ಹಾಳೆಯಿಂದ ಒಬ್ಬ ಹೆಂಗಸನ್ನು ಅಳಿಸಿದವಳು ನಾನು. ರಬ್ಬರಿನಿಂದಲ್ಲ. ನನ್ನ ಒಳ್ಳೆಯ ಅಕ್ಷರದಿಂದ.

ಎಂಟು ಮಹಡಿಯ ಕಟ್ಟಡ ಅದು. ಮಹಡಿಗೊಂದು ಕಂಪನಿ ಬಾಡಿಗೆಗಿತ್ತು. ನಾವು ಹದಿನಾಲ್ಕು ಜನ ಹೆಂಗಸರು ಕಟ್ಟಡದವರ ಕಡೆಯಿಂದ ಕಸ, ನೆಲ, ಕಕ್ಕಸು ನೋಡಿಕೊಳ್ಳುತ್ತಿದ್ದೆವು. ಹನ್ನೊಂದು ವರ್ಷ ಅಲ್ಲಿ ಬೆನ್ನು ಬಗ್ಗಿಸಿದ್ದೇನೆ. ಹದಿನಾಲ್ಕು ಜನರಲ್ಲಿ ಸಹಿ ಬರುತ್ತಿದ್ದದ್ದು ನನಗೊಬ್ಬಳಿಗೆ. ಅದೂ ಐವತ್ತೆರಡನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಕಲಿತದ್ದು. ದಿನವಿಡೀ ಮಾಪಿನ ಕೋಲು ಹಿಡಿದ ಕೈಗೆ ಪೆನ್ಸಿಲ್ಲು ಕಡ್ಡಿಯಷ್ಟು ಹಗುರ. ಒತ್ತಿದರೆ ಮುರಿಯುತ್ತಿತ್ತು. ಒಂದು ವರ್ಷ ಬರೀ ಮುರಿದೆ. ಆಮೇಲೆ ಅಕ್ಷರ ದುಂಡಗೆ ಬಂತು. ಎಷ್ಟು ದುಂಡಗೆ ಬಂತೆಂದರೆ ಸಿಕ್ಕ ಕಾಗದ ಬಿಡುತ್ತಿರಲಿಲ್ಲ. ಒಂದು ಬದಿ ಖಾಲಿ ಇರುವ ಕಾಗದವನ್ನು ಕಸದ ಬುಟ್ಟಿಗೆ ಹಾಕುವುದೆಂದರೆ ನನಗೆ ಅನ್ನ ಚೆಲ್ಲಿದಂತೆ. ಮನೆಗೆ ತಂದು ಹಿಂಬದಿಯಲ್ಲಿ ಬರೆಯುತ್ತಿದ್ದೆ.

ಅದಕ್ಕೇ ಬುಗುರಿ ನನಗೆ ಪಂಡಿತಕ್ಕ ಎಂದು ಹೆಸರಿಟ್ಟಿದ್ದಳು. ಬುಗುರಿ ಎಂದು ಅವಳಿಗೆ ಹೆಸರಿಟ್ಟವಳು ನಾನು. ನಿಂತ ಕಡೆ ನಿಲ್ಲುವವಳಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಗಿಡ್ಡಿ, ಒಂದು ಹಲ್ಲು ಮುಂದೆ. ಗಂಡ ಇಲ್ಲ, ಒಬ್ಬಳು ಮಗಳು. ಒಂದು ಮಹಡಿ ಒರೆಸಲು ನನಗೆ ಒಂದು ಗಂಟೆ ಬೇಕಾದರೆ ಅವಳಿಗೆ ಅರ್ಧ ಗಂಟೆ. ಉಳಿದ ಅರ್ಧ ಗಂಟೆಯಲ್ಲಿ ನನ್ನದನ್ನೂ ಒರೆಸಿ, ಅದಕ್ಕಾಗಿ ನನ್ನನ್ನೇ ಬೈಯುತ್ತಿದ್ದಳು.

"ನೀನು ನೆಲಕ್ಕೂ ಕಾಪಿ ಬರೀತೀಯೇನಕ್ಕ? ಒಂದೊಂದೇ ಗೆರೆ ಎಳೀತಾ ಕೂತಿದ್ದೀಯ."

ಅವಳಿಗೆ ಇದ್ದದ್ದು ಹೆಬ್ಬೆಟ್ಟು. ಬೆಳಿಗ್ಗೆ ಗೇಟಿನ ಹತ್ತಿರ ಗೋಡೆಗೆ ಹಾಕಿದ ಮೆಷಿನ್ನಿಗೆ ಎಲ್ಲರೂ ಹೆಬ್ಬೆಟ್ಟು ಒತ್ತಿ ಒಳಗೆ ಹೋಗಬೇಕು. ಒತ್ತಿದರೆ ಅದರೊಳಗಿನ ಹೆಂಗಸಿನ ದನಿ ‘ಧನ್ಯವಾದ’ ಎನ್ನುತ್ತಿತ್ತು.

"ಈ ಕಟ್ಟಡದಲ್ಲಿ ನನಗೆ ಥ್ಯಾಂಕ್ಸ್ ಹೇಳೋಳು ಇವಳೊಬ್ಬಳೇ," ಎನ್ನುತ್ತಿದ್ದಳು ಬುಗುರಿ. ಸಾಯಂಕಾಲ ಹೋಗುವಾಗಲೂ ಒತ್ತಿ, "ಬರ್ತೀನಿ ಕಣೇ," ಎಂದು ಹೇಳಿ ಹೋಗುತ್ತಿದ್ದಳು.

ಆಮೇಲೆ ರೋಗ ಬಂತು. ಊರು ಬಾಗಿಲು ಹಾಕಿಕೊಂಡಿತು. ಕಂಪನಿಯವರು ಕಂಪ್ಯೂಟರುಗಳನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಮನೆಯಿಂದಲೇ ಕೆಲಸವಂತೆ. ನಮ್ಮ ಕೆಲಸವನ್ನು ಮನೆಯಿಂದ ಮಾಡಲು ಬರುವುದಿಲ್ಲ. ಹನ್ನೆರಡು ಜನರನ್ನು ಬಿಡಿಸಿದರು. ಇಬ್ಬರನ್ನು ಉಳಿಸಿಕೊಂಡರು. ನನ್ನನ್ನು ಸಹಿ ಬರುತ್ತದೆ ಎಂದು. ಬುಗುರಿಯನ್ನು ನಾಲ್ಕು ಜನರ ಕೆಲಸ ಒಬ್ಬಳೇ ಮಾಡುತ್ತಾಳೆ ಎಂದು.

ಹೊರಗೆ ಹೋಗಿ ಬಂದರೆ ರೋಗ ತರುತ್ತೀರಿ ಎಂದು ನೆಲಮಾಳಿಗೆಯಲ್ಲಿ ನೀರಿನ ಪಂಪಿನ ಪಕ್ಕದ ಕೋಣೆ ಕೊಟ್ಟರು. ‘ಕೊಟ್ಟರು’ ಎನ್ನುವುದು ಅವರ ಮಾತು. ಗೇಟಿಗೆ ಬೀಗ ಹಾಕಿದ್ದರು. ಬೀಗ ಹಾಕಿದ ಮೇಲೆ ಅದು ಕೊಟ್ಟ ಜಾಗವಲ್ಲ, ಇಟ್ಟ ಜಾಗ.

ಅದೇ ದಿನ ಸೂಪರ್‌ವೈಸರು ಹೆಬ್ಬೆಟ್ಟಿನ ಮೆಷಿನ್ನಿಗೆ ಪ್ಲಾಸ್ಟಿಕ್ ಚೀಲ ಹಾಕಿ ಟೇಪು ಸುತ್ತಿದ. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟಬಾರದು.

"ಅವಳಿಗೂ ಮಾಸ್ಕ್ ಹಾಕಿಬಿಟ್ರಾ ಸಾರ್?" ಎಂದಳು ಬುಗುರಿ. "ನನ್ನ ಹಾಜರಿ ಹೇಗೆ?"

"ಬಾಗಿಲ ಹಿಂದಿನ ಚಾರ್ಟಲ್ಲಿ ಸಹಿ ಹಾಕು."

"ನನಗೆಲ್ಲಿ ಬರುತ್ತೆ?"

"ಇವಳಿಗೆ ಬರುತ್ತಲ್ಲ. ಎಲ್ಲಾದಕ್ಕೂ ಇವಳೇ ಹಾಕಲಿ. ಒಟ್ಟಲ್ಲಿ ಕಾಲಂ ಖಾಲಿ ಇರಬಾರದು."

ಹೀಗೆ ಶುರುವಾಯಿತು. ಯಾರೂ ಇಲ್ಲದ ಕಟ್ಟಡವನ್ನು ಗಂಟೆಗೊಮ್ಮೆ ತೊಳೆಯುವ ಕೆಲಸ. ಯಾಕೆ ಎಂದು ಕೇಳಿದೆ. ಸೂಪರ್‌ವೈಸರೇ ಹೇಳಿದ: ಕಂಪನಿಗಳು ಮಹಡಿ ಖಾಲಿ ಮಾಡುತ್ತೇವೆ ಎನ್ನುತ್ತಿವೆ, ಮಾಡಬಾರದು ಎಂದರೆ ಈ ಕಟ್ಟಡದಷ್ಟು ಚೊಕ್ಕಟ ಎಲ್ಲೂ ಇಲ್ಲ ಎಂದು ಅವರಿಗೆ ದಿನಾ ತೋರಿಸಬೇಕು. ಅದಕ್ಕೆ ಅವನು ಪ್ರತಿ ಬಾಗಿಲ ಹಿಂದಿನ ಹಾಳೆಯ ಫೋಟೋ, ಉಜ್ಜುವ ನಮ್ಮ ಕೈಯ ಫೋಟೋ ತೆಗೆದು ಕಳಿಸುತ್ತಿದ್ದ. ಒಂದು ಡಬ್ಬಿ ಗ್ಲೌಸು ಬಂದಿತ್ತು. ಫೋಟೋ ತೆಗೆಯುವಾಗ ಹಾಕಿಕೊಳ್ಳಬೇಕು, ಆಮೇಲೆ ಬಿಚ್ಚಿ ಡಬ್ಬಿಗೆ ಹಾಕಬೇಕು. ಫೋಟೋದಲ್ಲಿ ಬರುತ್ತಿದ್ದದ್ದು ಕೈ ಮಾತ್ರ. ಯಾರ ಕೈ ಎಂದು ಯಾರು ಹೇಳುತ್ತಾರೆ.

ಉಳಿದ ಹೊತ್ತೆಲ್ಲ ಬರಿಗೈ. ಬ್ಲೀಚಿಂಗ್ ಪುಡಿ ಮೊದಲು ಬಕೆಟ್ಟಿಗೆ ಎರಡು ಚಮಚ ಹಾಕುತ್ತಿದ್ದೆವು. ಈಗ ಒಂದು ಲೋಟ. ಬಾಗಿಲ ಹಿಡಿಕೆ, ಲಿಫ್ಟಿನ ಗುಂಡಿ, ಮೆಟ್ಟಿಲ ಕಂಬಿ, ನಲ್ಲಿ, ಮೇಜಿನ ಫೋನು, ಕುರ್ಚಿಯ ತೋಳು. ಗಂಟೆಗೊಮ್ಮೆ. ಎಂಟು ಮಹಡಿ. ಮೂಗು ಉರಿಯುತ್ತಿತ್ತು. ಮೂರನೇ ವಾರಕ್ಕೆ ಬೆರಳಿನ ತುದಿ ಬೆಳ್ಳಗಾಗಿ ಸುಲಿಯಿತು. ಉಪ್ಪು ಮುಟ್ಟಿದರೆ ಜೀವ ಹೋಗುತ್ತಿತ್ತು. ಬುಗುರಿ ಊಟವನ್ನು ಚಮಚದಲ್ಲಿ ಮಾಡತೊಡಗಿದಳು. "ನೋಡಕ್ಕ, ಸಾಹೇಬರ ಥರ ಆಗಿಬಿಟ್ಟೆ," ಎಂದಳು. ನಗುವುದಕ್ಕೆ ಹೋಗಿ ಕೆಮ್ಮಿದೆವು.

ಖಾಲಿ ಮಹಡಿಗಳು ಖಾಲಿ ಇರಲಿಲ್ಲ. ಜನ ಎದ್ದು ಹೋದ ಹಾಗೆಯೇ ಎಲ್ಲ ಇತ್ತು. ಕುರ್ಚಿಯ ಬೆನ್ನಿಗೆ ಕೋಟು. ಮೇಜಿನ ಕೆಳಗೆ ಒಂದು ಜೊತೆ ಚಪ್ಪಲಿ, ಬೆರಳು ಹೊರಗೆ ಮಾಡಿ. ಕಪ್ಪಿನಲ್ಲಿ ಕಾಫಿ, ಅದರ ಮೇಲೆ ಬೂಷ್ಟು. ಯಾರದೋ ಮಗು ಬರೆದ ಸೂರ್ಯ. ಗೋಡೆಯ ಕ್ಯಾಲೆಂಡರುಗಳೆಲ್ಲ ಒಂದೇ ತಿಂಗಳಲ್ಲಿ ನಿಂತಿದ್ದವು. ಕುಂಡದ ಗಿಡಗಳು ಒಂದೊಂದಾಗಿ ಒಣಗಿದವು. ನೀರು ಹಾಕಲೇ ಎಂದು ಕೇಳಿದ್ದಕ್ಕೆ, ಅದು ನಿಮ್ಮ ಕೆಲಸವಲ್ಲ, ಗಿಡದ ಗುತ್ತಿಗೆ ಬೇರೆಯವರದು ಎಂದರು. ಬುಗುರಿ ಕದ್ದು ಹಾಕುತ್ತಿದ್ದಳು. ಐದನೇ ಮಹಡಿಯ ಒಂದು ಗಿಡ ಮಾತ್ರ ಉಳಿಯಿತು.

ಆ ಕಟ್ಟಡದ ದೀಪಗಳಿಗೆ ಸ್ವಿಚ್ಚಿಲ್ಲ. ಜನ ಓಡಾಡಿದರೆ ತಾವೇ ಹತ್ತುತ್ತವೆ. ಅಲುಗಾಡದಿದ್ದರೆ ಸ್ವಲ್ಪ ಹೊತ್ತಿಗೆ ಆರುತ್ತವೆ. ಪರದೆಗಳನ್ನೆಲ್ಲ ಇಳಿಬಿಟ್ಟಿದ್ದರಿಂದ ಹಗಲಲ್ಲೂ ಕತ್ತಲೆ. ನೆಟ್ಟಗೆ ನಿಂತು ನಡೆಯುವವರಿಗೆ ಆ ದೀಪ ಹತ್ತುತ್ತದೆ. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತು ಉಜ್ಜುವವರು ಅದರ ಕಣ್ಣಿಗೆ ಬೀಳುವುದಿಲ್ಲ. ಉಜ್ಜುತ್ತಾ ಉಜ್ಜುತ್ತಾ ಕತ್ತಲಾಗಿಬಿಡುತ್ತಿತ್ತು. ಬುಗುರಿ ಒಂದು ಕೈಯಲ್ಲಿ ಉಜ್ಜುತ್ತಾ ಇನ್ನೊಂದು ಕೈ ಮೇಲೆತ್ತಿ ಬೀಸುತ್ತಿದ್ದಳು. ಬಸ್ಸು ನಿಲ್ಲಿಸುವವರ ಹಾಗೆ. ದೀಪ ಹತ್ತುತ್ತಿತ್ತು.

"ಇದ್ದೀನಪ್ಪಾ, ಇನ್ನೂ ಇದ್ದೀನಿ," ಎನ್ನುತ್ತಿದ್ದಳು ದೀಪಕ್ಕೆ.

ನಾನು ಹಾಳೆಯಲ್ಲಿ ಸಹಿ ಹಾಕುವಾಗ ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕಲಿಸುತ್ತೇನೆ, ಬಾ ಎಂದೆ. ನಾಳೆ ಎಂದಳು. ಮೊದಲ ವಾರವೇ ಒಂದು ದಿನ ಪೆನ್ನು ಕಿತ್ತುಕೊಂಡು, ಅದರ ಮೂತಿಯನ್ನು ತನ್ನ ಹೆಬ್ಬೆಟ್ಟಿಗೆ ಗಸಗಸ ಉಜ್ಜಿ, ನನ್ನ ಸಹಿಯ ಕೆಳಗೆ ಒತ್ತಿದಳು.

"ನಿನ್ನ ಸಹಿ ಗಾಳೀಲಿ ತೂಗಾಡ್ತಾ ಇದೆ ಪಂಡಿತಕ್ಕ. ಕೆಳಗೊಂದು ಕಲ್ಲು ಇಟ್ಟಿದ್ದೀನಿ. ಇನ್ನು ಹಾರಿಹೋಗಲ್ಲ."

ಅಂದಿನಿಂದ ಅವಳು ತೊಳೆದ ಕಡೆಯೆಲ್ಲ ನನ್ನ ಸಹಿ, ಅದರ ಕೆಳಗೆ ಅವಳ ಹೆಬ್ಬೆಟ್ಟು. ಮಹಡಿಗೊಂದು ಹಾಳೆ, ವಾರಕ್ಕೊಂದು ಹೊಸ ಹಾಳೆ.

ತಿಂಗಳ ಕೊನೆಗೆ ಸೂಪರ್‌ವೈಸರು ಹಾಳೆಗಳನ್ನೆಲ್ಲ ಕಿತ್ತು ತಂದು ನನ್ನ ಮುಂದೆ ಎಸೆದ.

"ಏನಿದು ಕೊಳೆ? ಆಫೀಸಿನಿಂದ ಕೇಳಿದ್ದಾರೆ, ತೊಳೆಯೋರ ಚಾರ್ಟೇ ಇಷ್ಟು ಗಲೀಜಾ ಅಂತ. ಹೊಸ ಹಾಳೆ ತಗೋ. ಎಲ್ಲಾ ನೀಟಾಗಿ ಕಾಪಿ ಮಾಡು. ಹೆಬ್ಬೆಟ್ಟು ಗಿಬ್ಬೆಟ್ಟು ಬೇಡ." ಆಮೇಲೆ ದನಿ ಇಳಿಸಿ ಹೇಳಿದ: "ನಿನ್ನ ಅಕ್ಷರ ಚೆನ್ನಾಗಿದೆ ಅಂತ ಮ್ಯಾನೇಜರೇ ಹೇಳಿದ್ರು."

ಹನ್ನೊಂದು ವರ್ಷದಲ್ಲಿ ಆ ಕಟ್ಟಡದಲ್ಲಿ ನನ್ನ ಬಗ್ಗೆ ಯಾರಾದರೂ ಒಳ್ಳೆಯ ಮಾತು ಹೇಳಿದ್ದು ಅದೊಂದೇ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹಿಗ್ಗಾಯಿತು. ಎರಡು ಮಧ್ಯಾಹ್ನ ಕೂತು ಅಷ್ಟೂ ಹಾಳೆ ಕಾಪಿ ಮಾಡಿದೆ. ತಾರೀಖು, ಗಂಟೆ, ನನ್ನ ಸಹಿ. ತಾರೀಖು, ಗಂಟೆ, ನನ್ನ ಸಹಿ. ಒಂದು ಕಲೆ ಇಲ್ಲ, ಒಂದು ಚಿತ್ತು ಇಲ್ಲ. ಬುಗುರಿ ಪಕ್ಕದಲ್ಲಿ ಕಾಲು ಚಾಚಿ ಕೂತು ನೋಡಿದಳು.

"ನನ್ನ ಕಲ್ಲು ಎಲ್ಲೋಯ್ತು?" ಎಂದಳು.

"ಬೇಡ ಅಂದ್ರು."

"ಹಾಗಿದ್ರೆ ಹಾರಿಹೋಗುತ್ತೆ, ನೋಡ್ತಿರು."

ತಮಾಷೆಗೆ ಹೇಳಿದಳು. ಮಾರನೇ ದಿನವೂ ಬಾಗಿಲ ಹಿಂದಿನ ಹಾಳೆಗೆ ಹೆಬ್ಬೆಟ್ಟು ಒತ್ತಿದಳು. ತಿಂಗಳ ಕೊನೆಗೆ ನಾನು ಮತ್ತೆ ಕಾಪಿ ಮಾಡಿದೆ. ನಾಲ್ಕು ತಿಂಗಳು ಹೀಗೆ. ಹಳೆಯವನ್ನು ಹರಿದು ಬಿಸಾಡು ಎಂದಿದ್ದ. ಹಿಂಬದಿ ಖಾಲಿ ಇರುವ ನೂರಮೂವತ್ತಾರು ಹಾಳೆ. ನಾನು ಬಿಸಾಡುವವಳೇ? ಸುತ್ತಿ ಚೀಲದಲ್ಲಿ ಇಟ್ಟುಕೊಂಡೆ.

ನಾಲ್ಕನೇ ತಿಂಗಳ ಕೊನೆಯ ವಾರ ಐದನೇ ಮಹಡಿಯ ದೊಡ್ಡ ಸಾಹೇಬರೊಬ್ಬರು ಏನೋ ಫೈಲು ಬೇಕೆಂದು ಬಂದರು. ತಮ್ಮ ಕೋಣೆಯಲ್ಲಿ ಎರಡು ಗಂಟೆ ಕೂತಿದ್ದರು. ಕೆಳಗೆ ಇಳಿದು ಬರಲಿಲ್ಲ, ಆಂಬುಲೆನ್ಸಿನವರು ಮೈತುಂಬ ಮುಚ್ಚಿಕೊಂಡು ಹೋಗಿ ಹೊತ್ತು ತಂದರು. ನಾವು ನೆಲಮಾಳಿಗೆಯಲ್ಲಿ ಬಕೆಟ್ಟು ತುಂಬಿಸುತ್ತಿದ್ದೆವು, ನಮಗೆ ಗೊತ್ತಾಗಲಿಲ್ಲ. ಸೂಪರ್‌ವೈಸರು ಫೋನು ಮಾಡಿ, ಐದನೆಯದರಲ್ಲಿ ವಾಂತಿಯಾಗಿದೆ, ಒರೆಸಿ ಎಂದ. ನಾನು ಎದ್ದೆ. ನನ್ನ ಮಂಡಿ ಆ ದಿನ ಬಾತಿತ್ತು.

"ಕೂತ್ಕೋ ನೀನು," ಎಂದಳು ಬುಗುರಿ. "ಐದನೇದು ನನ್ನ ಮಹಡಿ. ಗಿಡಕ್ಕೂ ನೀರು ಹಾಕಿ ಬರ್ತೀನಿ."

ಬರಿಗೈಯಲ್ಲಿ ಒರೆಸಿದಳು. ಬಂದು ಎರಡು ಸಲ ಕೈ ತೊಳೆದಳು.

ನಾಲ್ಕನೇ ದಿನ ಜ್ವರ. ಆ ದಿನವೇ ಕಂಪನಿಗಳು ಅರ್ಧದಷ್ಟು ಜನರನ್ನು ಕರೆಸಿಕೊಂಡವು, ಗೇಟಿನ ಬೀಗ ತೆಗೆದು ಮೆಷಿನ್ನಿನ ಚೀಲ ಬಿಚ್ಚಿದರು. ಬುಗುರಿ ಸಂಭ್ರಮದಿಂದ ಹೋಗಿ ಹೆಬ್ಬೆಟ್ಟು ಒತ್ತಿದಳು. ‘ಮತ್ತೆ ಪ್ರಯತ್ನಿಸಿ’ ಎಂದಿತು ಆ ಹೆಂಗಸಿನ ದನಿ. ಸೆರಗಿಗೆ ಒರೆಸಿ ಒತ್ತಿದಳು. ಮತ್ತೆ ಪ್ರಯತ್ನಿಸಿ. ಎಂಜಲು ಹಚ್ಚಿ ಒತ್ತಿದಳು. ತಲೆಯ ಎಣ್ಣೆ ಸವರಿ ಒತ್ತಿದಳು. ಹಿಂದೆ ಸಾಲು ನಿಂತಿತ್ತು, ಎಲ್ಲರೂ ನೆಲದ ಮೇಲೆ ದೂರ ದೂರ ಬರೆದ ಒಂದೊಂದು ಗುಂಡು ಗೆರೆಯೊಳಗೆ.

"ಮೆಷಿನ್ ತಗೊಳ್ಳಲಿಲ್ಲ ಅಂದ್ರೆ ನೀನು ಬಂದಿಲ್ಲ ಅಂತ ಅರ್ಥ," ಎಂದ ಸೂಪರ್‌ವೈಸರು. "ಪಕ್ಕಕ್ಕೆ ನಿಲ್ಲು."

ಅವಳು ಪಕ್ಕಕ್ಕೆ ನಿಂತಳು. ಬುಗುರಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇವಳೂ ನನ್ನ ಗುರುತು ಮರೆತುಬಿಟ್ಟಳಲ್ಲಕ್ಕ," ಎಂದಳು.

ಹನ್ನೊಂದನೇ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ, ಎರಡು ಬೆಂಚು ಜೋಡಿಸಿದ್ದರ ಮೇಲೆ, ಸತ್ತಳು. ನನ್ನನ್ನು ಒಳಗೆ ಬಿಡಲಿಲ್ಲ. ಮಗಳನ್ನೂ ಬಿಡಲಿಲ್ಲ. ಸುತ್ತಿ ಕೊಟ್ಟ ಗಂಟಿನಲ್ಲಿ ಯಾರಿದ್ದಾರೆ ಎಂದು ನಂಬಿಕೆಯ ಮೇಲೆ ತಿಳಿದುಕೊಳ್ಳಬೇಕಿತ್ತು. ಚಿಕ್ಕದಾಗಿತ್ತು. ಅವಳೇ ಇರಬೇಕು.

ಆಮೇಲೆ ನಾನೊಬ್ಬಳೇ ಆ ಮಹಡಿಗಳಲ್ಲಿ. ಬಂದ ಅರ್ಧ ಜನವೂ ವಾರಕ್ಕೆ ಎರಡು ದಿನ ಬಂದು ಹೋಗುವವರು. ಒಂದು ಮಧ್ಯಾಹ್ನ ಐದನೆಯದರಲ್ಲಿ ಈ ತುದಿಯಲ್ಲಿ ಒರೆಸುತ್ತಿದ್ದೆ. ಆ ತುದಿಯ ಕಕ್ಕಸಿನ ಬಾಗಿಲ ಸಂದಿಯಲ್ಲಿ ಬೆಳಕು ಬಂತು. ಹೋಗಿ ನೋಡಿದೆ. ಯಾರೂ ಇಲ್ಲ. ನೆಲ ಒಣಗಿತ್ತು. ನಾನು ಅಲುಗಾಡದೆ ನಿಂತೆ. ದೀಪ ಆರಿತು. ನಿಂತೇ ಇದ್ದೆ. ಮತ್ತೆ ಹತ್ತಿತು.

ಫ್ಯಾನಿನ ಗಾಳಿಗೆ ಬಾಗಿಲ ಹಿಂದಿನ ಹಾಳೆ ಅಲ್ಲಾಡಿದರೂ ಹತ್ತುತ್ತದೆ ಎಂದು ಆಮೇಲೆ ಸೆಕ್ಯುರಿಟಿಯವನು ಹೇಳಿದ. ಇರಬಹುದು. ನಾನು ವಾದ ಮಾಡಲಿಲ್ಲ. ಆದರೆ ದಿನಾ ಅಲ್ಲಿಗೆ ಹೋದಾಗ, "ಇದ್ದೀಯೇನೇ," ಎಂದು ಕೇಳುತ್ತಿದ್ದೆ. ಮೂರನೇ ವಾರ ಗಿಡವೂ ಒಣಗಿತು. ನಾನು ನೀರು ಹಾಕುತ್ತಿದ್ದೆ. ಆದರೂ ಒಣಗಿತು.

ಎರಡು ತಿಂಗಳು ಕಳೆದ ಮೇಲೆ ಬುಗುರಿಯ ಮಗಳು ಗೇಟಿನ ಹತ್ತಿರ ಕಾದಿದ್ದಳು. ಬೇಕರಿಯೊಂದರಲ್ಲಿ ಪ್ಯಾಕಿಂಗ್ ಕೆಲಸದ ಹುಡುಗಿ. ಅಮ್ಮನ ಹಾಗೆಯೇ ಗಿಡ್ಡಿ. ಮಾತು ಮಾತ್ರ ಕಡಿಮೆ. ಕೆಲಸದಲ್ಲಿದ್ದಾಗ ರೋಗ ತಗುಲಿ ಸತ್ತವರ ಮನೆಯವರು ಅರ್ಜಿ ಕೊಡಬಹುದು ಎಂದು ಯಾರೋ ಹೇಳಿದ್ದರು, ಕೊಟ್ಟಿದ್ದಳು. ಕಟ್ಟಡದವರಿಂದ ಉತ್ತರ ಬಂದಿತ್ತು. ನನ್ನ ಕೈಗೆ ಕೊಟ್ಟಳು.

"ಓದು ದೊಡ್ಡಮ್ಮ. ನಿನಗೆ ಓದೋಕೆ ಬರುತ್ತಲ್ಲ."

ಓದಿದೆ. ಹೆಬ್ಬೆಟ್ಟಿನ ಯಂತ್ರದಲ್ಲಾಗಲಿ ಚಾರ್ಟುಗಳಲ್ಲಾಗಲಿ ಸದರಿ ಮಹಿಳೆಯ ಹಾಜರಿ ಇಲ್ಲ. ಆ ನಾಲ್ಕು ತಿಂಗಳು ಆಕೆ ಕೆಲಸ ಮಾಡಿರುವುದಿಲ್ಲ. ಹೋಗಲು ಬೇರೆ ಜಾಗವಿಲ್ಲದ ಕಾರಣ ಮಾನವೀಯತೆಯ ದೃಷ್ಟಿಯಿಂದ ನೆಲಮಾಳಿಗೆಯಲ್ಲಿ ಆಶ್ರಯ ನೀಡಲಾಗಿತ್ತು.

"ಚಾರ್ಟು ತೋರಿಸಿದ್ರು," ಎಂದಳು ಮಗಳು. "ಎಲ್ಲಾ ನಿನ್ನ ಸಹಿನೇ ದೊಡ್ಡಮ್ಮ. ಒಂದರಲ್ಲೂ ಅಮ್ಮ ಇಲ್ಲ."

ನಾನು ಕಾಗದವನ್ನು ಮಡಚಿ ಅವಳ ಕೈಗೆ ಕೊಟ್ಟೆ.

"ದುಡ್ಡು ಕೊಡದೇ ಇದ್ರೆ ಬೇಡ. ಆ ಕೊನೇ ಸಾಲು ಇದೆಯಲ್ಲ, ಆಶ್ರಯ ಅನ್ನೋದು. ಅದನ್ನ ತೆಗೆಸಬೇಕು. ನಮ್ಮಮ್ಮ ಯಾರ ಹಂಗಲ್ಲೂ ಬದುಕಿದವಳಲ್ಲ. ನಿನ್ನ ಪಾಲಿನ ನೆಲಾನೂ ಒರೆಸಿದ್ದಾಳೆ. ಸತ್ತ ಮೇಲೆ ಅವಳನ್ನ ಬಿಟ್ಟಿ ಕೂಳಿನವಳು ಮಾಡಿದ್ದಾರೆ."

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದೆ.

ಮಾರನೇ ದಿನ ಮ್ಯಾನೇಜರು ಕರೆಸಿದರು. ಅಷ್ಟು ಹೊತ್ತಿಗೆ ಗೇಟಿನ ಸುದ್ದಿ ಮೇಲಕ್ಕೆ ಹೋಗಿತ್ತು. ಹನ್ನೊಂದು ವರ್ಷ ಆ ಕೋಣೆಯನ್ನು ಒರೆಸಿದ್ದೇನೆ. ಆ ಕುರ್ಚಿಯನ್ನೂ ಒರೆಸಿದ್ದೇನೆ. ಕೂತಿರಲಿಲ್ಲ.

"ಕೂತ್ಕೊಳ್ಳಿ ಅಮ್ಮ," ಎಂದರು. ಏಯ್ ಎನ್ನುವ ಬಾಯಿ ಅಂದು ನೀವು ಎಂದಿತು. "ಕಾರ್ಮಿಕರ ಕಚೇರಿಯಲ್ಲಿ ವಿಚಾರಣೆ ಇದೆ. ನೀವು ಇದ್ದದ್ದನ್ನ ಇದ್ದ ಹಾಗೆ ಹೇಳಿದರೆ ಸಾಕು. ಚಾರ್ಟಲ್ಲಿ ಏನಿದೆಯೋ ಅದು. ನಾನೊಬ್ಬಳೇ ಕೆಲಸ ಮಾಡಿದೆ ಅಂತ ಇದರಲ್ಲಿ ಬರೆದಿದೆ. ಸಹಿ ಹಾಕಿ."

ನಾನು ಕಾಗದ ತೆಗೆದುಕೊಂಡೆ.

"ಆಮೇಲೆ ಇನ್ನೊಂದು ವಿಷಯ. ಸ್ಟೋರಿನ ರಿಜಿಸ್ಟರ್ ನೋಡೋಕೆ ಜನ ಬೇಕು. ಫಿನಾಯಿಲ್ ಎಷ್ಟು ಬಂತು, ಪೊರಕೆ ಎಷ್ಟು ಹೋಯ್ತು, ಅಷ್ಟೇ. ಮೇಜು ಕುರ್ಚಿ ಇರುತ್ತೆ. ಈ ವಯಸ್ಸಲ್ಲಿ ಬಕೆಟ್ ಎತ್ತೋದು ಯಾಕೆ. ನಿಮ್ಮ ಅಕ್ಷರ ಮುತ್ತಿನ ಹಾಗಿದೆ."

ಮೇಜು. ಕುರ್ಚಿ. ನನ್ನ ಎರಡು ಮಂಡಿಗಳೂ ಆ ಮಾತು ಕೇಳಿಸಿಕೊಂಡವು. ಸುಳ್ಳು ಹೇಳುವುದಿಲ್ಲ, ಬಹಳ ಹೊತ್ತು ಕೇಳಿಸಿಕೊಂಡವು.

ನಾನು ನಿಧಾನ ಓದುವವಳು. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದುತ್ತಿದ್ದೆ. ‘ನಾನೊಬ್ಬಳೇ’ ಎಂಬಲ್ಲಿ ಬೆರಳು ನಿಂತಿತು. ಮ್ಯಾನೇಜರು ನನ್ನನ್ನೇ ನೋಡುತ್ತಾ ಕೂತಿದ್ದರು. ಇಬ್ಬರೂ ಅಲುಗಾಡಲಿಲ್ಲ. ದೀಪ ಆರಿತು.

ಕತ್ತಲಲ್ಲಿ ಅವರ ಉಸಿರು ಕೇಳಿಸಿತು. ಅವರು ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ದೀಪ ಹತ್ತಿತು.

ನಾನು ಕಾಗದವನ್ನು ಮೇಜಿನ ಮೇಲಿಟ್ಟೆ.

"ಹಾಕಲ್ಲ."

"ಏನು?"

"ಸಹಿ ಹಾಕಲ್ಲ. ಇದು ಸುಳ್ಳು. ನಾವು ಇಬ್ಬರು."

"ನಿಮ್ಮ ಕೈಯಲ್ಲೇ ಬರೆದಿದ್ದೀರಲ್ಲ, ಒಬ್ಬಳೇ ಅಂತ."

"ಅದು ನನ್ನ ತಪ್ಪು. ಒಂದು ಸಲ ಮಾಡಿದ್ದೀನಿ. ಎರಡನೇ ಸಲ ಮಾಡಲ್ಲ."

"ಯೋಚನೆ ಮಾಡು ಮುದುಕಿ," ಎಂದರು. ನೀವು ಹೋಯಿತು. "ನಾಳೆ ಗೇಟಲ್ಲಿ ನಿನ್ನ ಹೆಬ್ಬೆಟ್ಟೂ ತಗೊಳ್ಳಲ್ಲ ಮೆಷಿನ್ನು."

"ಅದು ಯಾವತ್ತೋ ತಗೊಳ್ಳೋದು ಬಿಟ್ಟಿದೆ. ಸೆಕ್ಯುರಿಟಿಯವನು ಬಾಗಿಲು ತೆಗೀತಾನೆ," ಎಂದೆ. ಎದ್ದು ಬಂದೆ. ಆ ಕುರ್ಚಿ ಮೆತ್ತಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಮನೆಗೆ ಬಂದು ಚೀಲ ತೆಗೆದೆ. ಹಾಳೆಗಳ ಹಿಂಬದಿ ನಾನು ಬರೆದದ್ದೇ ಮೇಲಿತ್ತು. ನೆಲ, ನೀರು, ನೆರಳು. ನೆಲ, ನೀರು, ನೆರಳು. ಸಾಲು ಸಾಲು, ದುಂಡಗೆ. ತಿರುಗಿಸಿದೆ. ನನ್ನ ಸಹಿಗಳು. ಕೆಳಗೆ ಅವಳು. ಎಲ್ಲ ಹಾಳೆಯಲ್ಲೂ ಅವಳು. ನೆಲದ ಮೇಲೆ ಕೂತು ಒಂದೊಂದೇ ತಿರುಗಿಸಿದೆ. ಬಾಗಿಲಾಚೆ ಯಾರೋ ಓಡಾಡಿದಂತಾಯಿತು. ಎದ್ದು ನೋಡಲಿಲ್ಲ.

ವಿಚಾರಣೆಯ ದಿನ ಮಗಳು ಮತ್ತು ನಾನು ಒಂದು ಕಡೆ. ಮ್ಯಾನೇಜರು ಮತ್ತು ಅವರ ವಕೀಲರು ಇನ್ನೊಂದು ಕಡೆ. ಅಧಿಕಾರಿ ಒಬ್ಬ ಹೆಂಗಸು. ದಣಿದಿದ್ದರು. ಅವರ ಮೇಜಿನ ಮೇಲೆ ಇಂಥ ಫೈಲುಗಳು ಗುಡ್ಡೆ ಬಿದ್ದಿದ್ದವು. ವಕೀಲರು ಚೊಕ್ಕಟ ಚಾರ್ಟುಗಳನ್ನು ಮುಂದಿಟ್ಟರು.

"ಇವು ನಿಮ್ಮ ಸಹಿಯೇನಮ್ಮಾ?"

"ನನ್ನವೇ. ಇವು ಕಾಪಿ ಮೇಡಂ. ಮೊದಲು ಬರೆದವು ಇಲ್ಲಿವೆ."

ಚೀಲ ಬಿಚ್ಚಿ ಮೇಜಿನ ಮೇಲಿಟ್ಟೆ. ಬ್ಲೀಚಿಂಗ್ ಪುಡಿಯ ವಾಸನೆ ಕೋಣೆಯೆಲ್ಲ ಹರಡಿತು.

ವಕೀಲರು ನಕ್ಕರು. "ಇದು ಕಸ ಮೇಡಂ. ಹಿಂದೆ ನೋಡಿ, ಅ ಆ ಇ ಈ ಬರೆದಿದ್ದಾರೆ. ಈ ಮಸಿ ಕಲೆ ಯಾರದ್ದಾದ್ರೂ ಆಗಬಹುದು. ನಿನ್ನೆ ಒತ್ತಿದ್ದೂ ಆಗಬಹುದು."

ಅಧಿಕಾರಿ ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು. ಐದನೇ ಮಹಡಿಯ ಹಾಳೆಗಳನ್ನಷ್ಟೇ ಆರಿಸಿ, ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಇಡತೊಡಗಿದರು. ಜಾಗ ಸಾಲಲಿಲ್ಲ. ಫೈಲುಗಳನ್ನು ಸರಿಸಿ ಇಟ್ಟರು. ಹದಿನೇಳು ಹಾಳೆ. ಮೊದಲನೆಯದರ ಮೇಲೆ ಬೆರಳಿಟ್ಟರು. ಎರಡನೆಯದು. ಮೂರನೆಯದು. ಅವರ ಬೆರಳು ನಿಧಾನವಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮತ್ತೆ ಮೊದಲಿನಿಂದ ನೋಡಿದರು.

ನಾನೂ ಬಗ್ಗಿ ನೋಡಿದೆ. ಮನೆಯಲ್ಲಿ ಒಂದೊಂದೇ ಹಾಳೆ ನೋಡಿದ್ದೆ. ಸಾಲಾಗಿ ಇಟ್ಟು ನೋಡಿರಲಿಲ್ಲ.

ಮೊದಲ ವಾರದ ಹೆಬ್ಬೆಟ್ಟಿನಲ್ಲಿ ಗೆರೆಗಳಿದ್ದವು. ಸುಳಿ ಸುಳಿಯಾಗಿ, ಮರದ ಬೊಡ್ಡೆ ಕೊಯ್ದಾಗ ಕಾಣುವ ಹಾಗೆ. ನಾಲ್ಕನೇ ವಾರ ನಡುವಿನ ಸುಳಿ ಮಾಸಿತ್ತು. ಎಂಟನೇ ವಾರ ಅಂಚಿನಲ್ಲಿ ನಾಲ್ಕೈದು ಗೆರೆ. ಹನ್ನೆರಡನೇ ವಾರ ಎರಡು. ಕೊನೆಯ ಹಾಳೆಯಲ್ಲಿ ಬರೀ ಒಂದು ಕಪ್ಪು ಮೊಟ್ಟೆ. ಒಳಗೆ ಏನೂ ಇಲ್ಲ.

ಮಗಳು ನನ್ನ ಕೈ ಹಿಡಿದುಕೊಂಡಳು. ಅವಳೂ ನೋಡಿದ್ದಳು.

"ಇದನ್ನ ಒಂದೇ ದಿನ ಕೂತು ಒತ್ತೋಕಾಗಲ್ಲ," ಎಂದರು ಅಧಿಕಾರಿ, ವಕೀಲರಿಗೆ. ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ನೀವು ಆಶ್ರಯ ಕೊಟ್ಟಿದ್ರಿ ಅಂತ ಬರೆದಿದ್ದೀರಿ."

"ಹೌದು ಮೇಡಂ."

"ಸುಮ್ಮನೆ ಕೂತಿದ್ದವಳ ಬೆರಳು ಯಾವ ನೀರಲ್ಲಿ ಸವೆಯಿತು?"

ಮ್ಯಾನೇಜರು ವಕೀಲರನ್ನು ನೋಡಿದರು. ವಕೀಲರು ಹಾಳೆಗಳನ್ನು ನೋಡಿದರು.

ಅಧಿಕಾರಿ ಬರೆದರು. ಬರೆದದ್ದನ್ನು ಮಗಳಿಗೆ ಓದಿ ಹೇಳಿದರು: ಆಶ್ರಯ ಎಂಬ ಮಾತನ್ನು ಈ ಕಚೇರಿ ಒಪ್ಪುವುದಿಲ್ಲ. ಸದರಿ ಮಹಿಳೆ ಕೊನೆಯ ವಾರದವರೆಗೂ ಕೆಲಸದಲ್ಲಿದ್ದರು. "ಮಿಕ್ಕಿದ್ದು ಮೇಲಿನವರು ತೀರ್ಮಾನ ಮಾಡಬೇಕು. ಈ ಸಾಲು ಮಾತ್ರ ನಾನು ಬರೆದಿದ್ದೀನಿ. ಹೋಗಲ್ಲ."

ಮಗಳು ತಲೆಯಾಡಿಸಿದಳು. "ಇನ್ನೊಂದು ಸಲ ಓದ್ತೀರಾ?" ಎಂದಳು. ಅವರು ಇನ್ನೊಂದು ಸಲ ಓದಿದರು.

ಆಮೇಲೆ ನನ್ನ ಹೇಳಿಕೆಯ ಕಾಗದವನ್ನು ನನ್ನ ಕಡೆ ತಳ್ಳಿದರು. ಪೆನ್ನು ಕೊಟ್ಟರು.

"ಸಹಿ ಬರುತ್ತಲ್ಲ, ಹಾಕಿ."

"ಬರುತ್ತೆ ಮೇಡಂ. ಹಾಕಲ್ಲ. ನನ್ನ ಸಹಿ ಒಬ್ಬಳನ್ನ ತಿಂದಿದೆ. ಮಸಿ ಪ್ಯಾಡು ಕೊಡಿ."

ಅವರು ನನ್ನ ಮುಖ ನೋಡಿದರು. ಡ್ರಾಯರಿನಿಂದ ಪ್ಯಾಡು ತೆಗೆದುಕೊಟ್ಟರು. ನಾನು ಹೆಬ್ಬೆಟ್ಟು ಅದ್ದಿ ಕಾಗದದ ಮೇಲೆ ಒತ್ತಿದೆ. ಎತ್ತಿದೆ. ಕಪ್ಪು ಮೊಟ್ಟೆ. ಪಕ್ಕದಲ್ಲೇ ಬುಗುರಿಯ ಕೊನೆಯ ಹಾಳೆ ಇತ್ತು. ಯಾವುದು ಅವಳದು, ಯಾವುದು ನನ್ನದು ಎಂದು ಹೇಳುವಂತಿರಲಿಲ್ಲ.

"ಗೆರೆ ಮೂಡಿಲ್ಲಮ್ಮ. ಇನ್ನೊಂದು ಸಲ ಒತ್ತಿ."

ಒತ್ತಿದೆ.

"ಮೂಡ್ತಿಲ್ಲವಲ್ಲ."

"ಮೂಡಲ್ಲ ಮೇಡಂ," ಎಂದೆ. "ನಮ್ಮಿಬ್ಬರ ಗೆರೆಗಳೂ ಆ ಎಂಟು ಮಹಡಿಯ ನೆಲದ ಮೇಲೆ ಇವೆ. ಬೇಕಾದ್ರೆ ಹೋಗಿ ನೋಡ್ಕೊಳ್ಳಿ. ದೀಪ ಅವಳೇ ಹಾಕ್ತಾಳೆ."